ಬುಧವಾರ ಮೂರು ಚಮಚ ನೀರು

ಮನೆಯಲ್ಲಿ ಗಿಡ ಸಾಕುವವರಿಗೆ ಗಿಡದಿಂದ ತೊಂದರೆ ಬರುವುದಿಲ್ಲ, ಗಿಡ ನೋಡಲು ಬರುವವರಿಂದ ಬರುತ್ತದೆ. ಇದನ್ನು ನಾನು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಊರುಗಳಲ್ಲಿ ಪರೀಕ್ಷಿಸಿ ನೋಡಿದ್ದೇನೆ. ಮೂರರಲ್ಲೂ ಫಲಿತಾಂಶ ಒಂದೇ.

ನನ್ನ ಯಜಮಾನರು ಪಶುವೈದ್ಯರು. ಎಪ್ಪತ್ತರ ದಶಕದಲ್ಲಿ ಸರ್ಕಾರ ಅವರನ್ನು ಈ ಮೂರು ಊರುಗಳ ನಡುವೆ ಓಡಾಡಿಸಿತು. ಪ್ರತಿ ವರ್ಗಕ್ಕೂ ನಮ್ಮ ಜೊತೆ ಎರಡು ಟ್ರಂಕು, ಒಂದು ಹೊಲಿಗೆ ಯಂತ್ರ, ಮತ್ತು ಪಿಂಗಾಣಿ ಬಟ್ಟಲಿನಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಗಿಡ ಹೊರಡುತ್ತಿತ್ತು. ನಾನು ಕಾನ್ವೆಂಟ್ ಬಿಡುವ ದಿನ ನಮ್ಮ ಸಿಸ್ಟರ್ ಕೊಟ್ಟದ್ದು ಅದು. ಹೆಸರು ಹಾವೋರ್ಥಿಯಾ. ದಪ್ಪನೆಯ ಕಡುಹಸಿರು ಎಲೆಗಳು, ಎಲೆಯ ಬೆನ್ನಿಗೆಲ್ಲ ಸೀಮೆಸುಣ್ಣದಲ್ಲಿ ಎಳೆದಂಥ ಬಿಳಿ ಗೆರೆಗಳು. ಲೋಳೆಸರದ ದೂರದ ನೆಂಟ ಅನ್ನಬಹುದು. ಕೊಡುವಾಗ ಸಿಸ್ಟರ್ ಎರಡೇ ಮಾತು ಹೇಳಿದ್ದರು: "ಇದನ್ನು ಬದುಕಿಸಿಕೋ. ಎಂದಾದರೂ ಒಂದು ದಿನ ಬಂದು ನೋಡುತ್ತೇನೆ."

ಹನ್ನೊಂದು ವರ್ಷದ ಹಾಸ್ಟೆಲ್ ವಾಸದಲ್ಲಿ ನನ್ನ ಹಾಸಿಗೆಯ ಮೇಲುಹೊದಿಕೆ ಒಂದು ದಿನವೂ ಸುಕ್ಕುಗಟ್ಟಿದ್ದಿಲ್ಲ. ಅಂಥವಳ ಕೈಯಲ್ಲಿ ಒಂದು ಗಿಡ ಸಾಯುವುದುಂಟೇ? ಮೊದಲ ದಿನವೇ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಬುಧವಾರ ಮತ್ತು ಭಾನುವಾರ, ಬೆಳಿಗ್ಗೆ ಏಳು ಗಂಟೆ, ಟೀ ಚಮಚದಲ್ಲಿ ಮೂರು ಚಮಚ ನೀರು.

ಕಡೂರಿನ ಬೋರ್ಡು

ಕಡೂರಿನಲ್ಲಿ ಪಕ್ಕದ ಮನೆಯ ಗೃಹಿಣಿ ಮೊದಲ ವಾರವೇ ಗಿಡದ ವಿಚಾರಣೆ ನಡೆಸಿದಳು.

"ಹೂ ಬಿಡ್ತದಾ ಅಮ್ಮಾವ್ರೇ?"

"ಈವರೆಗೆ ಬಿಟ್ಟಿಲ್ಲ."

"ಸಾರಿಗೆ ಹಾಕ್ತೀರಾ?"

"ಇಲ್ಲ."

"ಔಷ್ದಿಗಾ?"

"ಅಲ್ಲ."

"ಮತ್ತೆ ಏನು ಮಾಡ್ತದೆ ಇದು?"

"ಏನೂ ಮಾಡುವುದಿಲ್ಲ. ಇರುತ್ತದೆ."

ಅವಳು ತುಂಬ ಅರ್ಥವಾದವಳಂತೆ ತಲೆದೂಗಿದಳು. "ನಮ್ಮನೇಲೂ ಒಬ್ರವ್ರೆ ಬಿಡಿ. ನಮ್ಮ ಮಾವ."

ಅಷ್ಟಾದರೂ ಅವಳು ಗಿಡವನ್ನು ಮುಟ್ಟಲಿಲ್ಲ. ಮುಟ್ಟಿದವರು ರೈತರು. ಬೆಳಿಗ್ಗೆ ಆಸ್ಪತ್ರೆ ತೆರೆಯುವ ಮುಂಚೆಯೇ ಪಂಚನಹಳ್ಳಿ ಕಡೆಯಿಂದ ದನ ಹೊಡೆದುಕೊಂಡು ಮನೆಗೇ ಬರುತ್ತಿದ್ದರು. ಬಂದವರಿಗೆ ಚೊಂಬಿನಲ್ಲಿ ನೀರು ಕೊಡುವುದು ಮರ್ಯಾದೆ. ಅದು ಬಯಲುಸೀಮೆ. ಕುಡಿದು ಉಳಿದ ನೀರನ್ನು ಅಲ್ಲಿಯ ಜನ ನೆಲಕ್ಕೆ ಚೆಲ್ಲುವುದಿಲ್ಲ, ಪಾಪ ಎನ್ನುತ್ತಾರೆ. ಹತ್ತಿರ ಯಾವ ಗಿಡ ಕಂಡರೆ ಅದರ ಬುಡಕ್ಕೆ ಹಾಕುತ್ತಾರೆ. ನಮ್ಮ ಜಗಲಿಗೆ ಹತ್ತಿರದ ಗಿಡ ಕಿಟಕಿಯಲ್ಲಿದ್ದ ನನ್ನದು. ಒಂದು ಭಾನುವಾರ ಚಮಚ ಹಿಡಿದು ಹೋದರೆ ಬಟ್ಟಲು ತುಂಬ ನೀರು, ಅದರಲ್ಲಿ ಎರಡು ಇರುವೆಗಳು ಈಜುತ್ತಿದ್ದವು.

ಅಂದೇ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: "ಈ ಗಿಡಕ್ಕೆ ನೀರು ಹಾಕಬಾರದು." ಕಿಟಕಿಗೆ ತೂಗುಹಾಕಿದೆ.

ಮಾರನೆಯ ದಿನ ಹೋರಿಯ ಗೊರಸು ತೋರಿಸಲು ಒಬ್ಬ ಮುದುಕಪ್ಪ ಬಂದ. ಬೋರ್ಡಿನ ಮುಂದೆ ನಿಂತು, ಅಕ್ಷರಕ್ಕೊಂದು ಉಸಿರು ತೆಗೆದುಕೊಂಡು ಪೂರ್ತಿ ಓದಿದ. ನನಗೆ ಸಂತೋಷವಾಯಿತು. ಬಿಸಿಲು ಜೋರಾಗಿತ್ತೆಂದು ಅವನಿಗೆ ದೊಡ್ಡ ಲೋಟದಲ್ಲಿ ಮಜ್ಜಿಗೆ ಕೊಟ್ಟು ಒಳಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಬಟ್ಟಲು ಬೆಳ್ಳಗಾಗಿತ್ತು.

"ಏನಪ್ಪಾ ಇದು? ಬೋರ್ಡು ಓದಿದೆಯಲ್ಲ?"

"ಓದ್ದೆ ಕಣಮ್ಮ. ನೀರು ಹಾಕ್ಬ್ಯಾಡಿ ಅಂತ ಬರ್ದೀರಿ. ಪಾಪ ಬಿಸ್ಲು, ಅದ್ಕೇ ಮಜ್ಗೆ ಹಾಕ್ದೆ."

ಅವನು ಲೋಟವನ್ನು ಜಗಲಿಯ ಮೇಲೆ ಬೋರಲು ಹಾಕಿ ಸಮಾಧಾನ ಹೇಳಿದ: "ಉಪ್ಪು ಮರ್ತಿದ್ರಿ. ನಂಗೆ ಸಪ್ಪೆ ಆಯ್ತು, ಗಿಡುಕ್ಕೆ ಸರಿಹೋಯ್ತದೆ ಬಿಡಿ."

ಬಸ್ಸಿನಲ್ಲಿ ಬಂದ ದೇವರು

ಮಜ್ಜಿಗೆಯ ಮಣ್ಣು ಬದಲಾಯಿಸಿ ಗಿಡವನ್ನು ಉಳಿಸಿಕೊಂಡೆ. ಅಷ್ಟರಲ್ಲಿ ತರೀಕೆರೆಗೆ ವರ್ಗವಾಯಿತು. ಸಾಮಾನು ಲಾರಿಯಲ್ಲಿ, ನಾವು ಬಸ್ಸಿನಲ್ಲಿ. ಧೂಳು ತಾಕದಿರಲೆಂದು ಬಟ್ಟಲಿಗೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹೊದಿಸಿ, ಅಲುಗಾಡದಂತೆ ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿದು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

ಕಂಡಕ್ಟರ್ ನನ್ನನ್ನೂ ಬಿಳಿ ಬಟ್ಟೆಯನ್ನೂ ನೋಡಿ ಕೂಗಿದ, "ಜಾಗ ಬಿಡ್ರಪ್ಪಾ, ಅಮ್ಮಾವ್ರು ದೇವ್ರು ತಗಂಡೋಯ್ತಾವ್ರೆ."

ಒಂದಲ್ಲ, ಎರಡು ಸೀಟು ಖಾಲಿಯಾದವು. ಇದು ದೇವರಲ್ಲ ಎಂದು ಹೇಳುವುದು ನನ್ನ ಕರ್ತವ್ಯವಾಗಿತ್ತು. ಹೇಳಲು ಬಾಯಿ ತೆರೆದೆ. ಯಜಮಾನರು ಮೆಲ್ಲಗೆ, "ಕೂತ್ಕೊಂಡು ಹೇಳು," ಅಂದರು. ಕೂತೆ. ಕೂತ ಮೇಲೆ ಹೇಳುವ ಸಂದರ್ಭ ಬರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಚಪ್ಪಲಿ ಬಿಟ್ಟು ಕಾಲು ಮಡಚಿಕೊಂಡಳು. ತುರುಬಿನಿಂದ ಒಂದು ಸೇವಂತಿಗೆ ತೆಗೆದು ಬಿಳಿ ಬಟ್ಟೆಯ ಮೇಲಿಟ್ಟಳು. ಆಮೇಲೆ ಕಣ್ಣು ಮುಚ್ಚಿ, ಬಟ್ಟಲಿಗೆ ಕೇಳುವಷ್ಟು ಗಟ್ಟಿಯಾಗಿ ತನ್ನ ಕಷ್ಟ ಹೇಳಿಕೊಂಡಳು. ಅವಳ ಎಮ್ಮೆ ಕರು ಹಾಕಿ ತಿಂಗಳಾದರೂ ಕೆಚ್ಚಲು ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಯಜಮಾನರು ಈಚೆ ಸೀಟಿನಿಂದಲೇ, ತಾವು ತರೀಕೆರೆಗೆ ಬರುತ್ತಿರುವ ದನದ ಡಾಕ್ಟರು, ಎಮ್ಮೆಯನ್ನು ಹೊಡೆದುಕೊಂಡು ಬಾ ಅಂದರು.

ಮರುವಾರವೇ ಎಮ್ಮೆ ಬಂತು. ಕೆಚ್ಚಲು ಬಾವು. ಇವರು ಐದು ದಿನ ಇಂಜೆಕ್ಷನ್ ಕೊಟ್ಟರು. ಒಂದು ಸಲ ಒದೆಯನ್ನೂ ತಿಂದರು. ಎಮ್ಮೆ ಗುಣವಾಯಿತು. ಆ ಹೆಂಗಸು ತೆಂಗಿನಕಾಯಿ, ಊದುಬತ್ತಿ ಹಿಡಿದು ಮನೆಗೆ ಬಂದಳು. ಯಜಮಾನರು ಅಂಗಿಯ ಕಾಲರು ಸರಿಮಾಡಿಕೊಂಡು ಎದ್ದು ನಿಂತರು. ಅವಳು ಅವರನ್ನು ದಾಟಿ ನೇರವಾಗಿ ಕಿಟಕಿಗೆ ಹೋಗಿ ಗಿಡಕ್ಕೆ ಕೈ ಮುಗಿದಳು.

ಇನ್ನು ಸುಮ್ಮನಿರಬಾರದೆಂದು ನಾನು ಸ್ಪಷ್ಟವಾಗಿ ಹೇಳಿದೆ. "ನೋಡಮ್ಮ, ಇದು ದೇವರಲ್ಲ. ಬರೀ ಗಿಡ."

"ಗೊತ್ತಮ್ಮ," ಅಂದಳು ಅವಳು ಕಾಯಿ ಇಡುತ್ತ. "ಯಾವ ದೇವ್ರು ತಾನೇ ನಾನು ದೇವ್ರು ಅಂತ ಹೇಳ್ಕಂಡದೆ?"

ದನದ ಡಾಕ್ಟರ ಅಭಿಪ್ರಾಯ

ತರೀಕೆರೆಯ ಮಳೆಗಾಲಕ್ಕೂ ಕಡೂರಿನ ಬಿಸಿಲಿಗೂ ಸಂಬಂಧವಿಲ್ಲ. ಹವೆ ಬದಲಾಯಿತೆಂದು ವೇಳಾಪಟ್ಟಿ ಬದಲಾಯಿಸುವವಳು ನಾನಲ್ಲ. ಬುಧವಾರ ಮೂರು ಚಮಚ, ಭಾನುವಾರ ಮೂರು ಚಮಚ. ಆಷಾಢ ಕಳೆಯುವಷ್ಟರಲ್ಲಿ ಕೆಳಗಿನ ಎಲೆಗಳು ಊದಿಕೊಂಡು ಗಾಜಿನಂತೆ ಆದವು. ಮುಟ್ಟಿದರೆ ಮೆತ್ತಗೆ.

ಯಜಮಾನರು ಆಸ್ಪತ್ರೆಯಿಂದ ಬಂದು, ಕೈ ತೊಳೆದು, ಎಲೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು.

"ಹೊಟ್ಟೆ ಉಬ್ಬರ ಕಣೇ."

"ಇದು ಎಮ್ಮೆಯಲ್ಲ."

"ಎಮ್ಮೆ ಆಗಿದ್ರೂ ಇದೇ ಹೇಳ್ತಿದ್ದೆ. ಒಂದು ತಿಂಗಳು ಏನೂ ಕೊಡ್ಬೇಡ. ಸುಮ್ನೆ ಬಿಟ್ಬಿಡು."

ಸುಮ್ಮನೆ ಬಿಡುವುದು ಸೋಮಾರಿಗಳ ಚಿಕಿತ್ಸೆ. ಗಿಡ ನಿತ್ರಾಣವಾಗಿದೆ ಎಂದು ನಾನು ತೀರ್ಮಾನಿಸಿ ಮೂರು ಚಮಚವನ್ನು ನಾಲ್ಕು ಮಾಡಿದೆ. ಶುಕ್ರವಾರವನ್ನೂ ಸೇರಿಸಿದೆ. ಎಲೆಗಳನ್ನು ಒದ್ದೆ ಹತ್ತಿಯಿಂದ ಒರೆಸಲು ಶುರುಮಾಡಿದೆ.

ಯಜಮಾನರು ಕುರ್ಚಿಯಲ್ಲಿ ಕೂತು ಇದನ್ನೆಲ್ಲ ಬಹಳ ಹೊತ್ತು ನೋಡಿದರು. ಕೊನೆಗೆ ಹೇಳಿದರು: "ನನ್ನ ರೋಗಿಗಳು ಪುಣ್ಯ ಮಾಡಿದಾವೆ. ಒದೆಯೋಕೆ ಕಾಲಿದೆ."

ಅಜ್ಜಂಪುರದ ಬಾಗಿಲು

ಅಜ್ಜಂಪುರದಲ್ಲಿ ನಮ್ಮದು ಬಾಡಿಗೆ ಮನೆ. ಮುಂದಿನ ಅರ್ಧ ನಮಗೆ, ಹಿಂದಿನ ಅರ್ಧ ಮನೆಯೊಡತಿಯಾದ ಒಬ್ಬ ಅಜ್ಜಿಗೆ, ತಲೆಬಾಗಿಲು ಇಬ್ಬರಿಗೂ ಒಂದೇ. ಆ ಬಾಗಿಲ ಮೇಲೆ ದೃಷ್ಟಿ ತಾಕದಿರಲೆಂದು ಅಜ್ಜಿ ಏನೇನೋ ತೂಗುಹಾಕಿದ್ದಳು. ಕರಿ ದಾರದಲ್ಲಿ ಇದ್ದಿಲು, ಒಣಮೆಣಸಿನಕಾಯಿ, ಬೇರು ಮೇಲಾಗಿ ತಲೆಕೆಳಗೆ ಕಟ್ಟಿದ ಲೋಳೆಸರ. ಇಂಥದ್ದನ್ನು ನೋಡುವುದಿಲ್ಲ ಎಂಬುದು ನನ್ನ ನಿಯಮ. ಬಂದ ದಿನ ಒಮ್ಮೆ ಕಣ್ಣಿಗೆ ಬಿದ್ದದ್ದಷ್ಟೇ, ಆಮೇಲೆ ಮುಖ ನೇರವಾಗಿಟ್ಟುಕೊಂಡು ಓಡಾಡುತ್ತಿದ್ದೆ.

ಅಲ್ಲಿಗೆ ಹೋದ ಎರಡನೆಯ ತಿಂಗಳು, ಒಂದು ಬುಧವಾರ, ಏಳು ಗಂಟೆಗೆ ನಾನು ಚಮಚ ತಗುಲಿಸಿದ್ದೇ ತಡ, ಗಿಡ ಬುಡದಿಂದ ಕಳಚಿ ಬಟ್ಟಲಿನ ಹೊರಗೆ ಬಿತ್ತು. ಬೇರುಗಳೆಲ್ಲ ಕಪ್ಪಗೆ ಕೊಳೆತಿದ್ದವು. ಅದನ್ನು ಕಾಗದದಲ್ಲಿ ಸುತ್ತಿ ಹಿತ್ತಲಿನ ತಿಪ್ಪೆಗೆ ಹಾಕಿದೆ. ಬಟ್ಟಲು ತೊಳೆದಿಟ್ಟೆ. ಆ ದಿನ ಅಳಲಿಲ್ಲ. ಇಸ್ತ್ರಿಯಾಗಿದ್ದ ಆರು ಸೀರೆಗಳಿಗೆ ಮತ್ತೆ ಇಸ್ತ್ರಿ ಮಾಡಿದೆ.

ಎರಡು ತಿಂಗಳಾಗಿರಬೇಕು, ಸಿಸ್ಟರ್ ಕಾಗದ ಬಂತು. ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುತ್ತಿದ್ದಾರೆ, ಅಜ್ಜಂಪುರದಲ್ಲಿ ಇಳಿದು ನನ್ನ ಮನೆಗೆ ಬಂದು, ಮುಂದಿನ ರೈಲಿಗೆ ಹೊರಡುತ್ತಾರೆ. ಕೊನೆಯ ಸಾಲು: "ಗಿಡ ನೋಡುವ ಆಸೆ."

ನನ್ನ ಕೈಯಲ್ಲಿ ಸತ್ತಿತು ಎಂಬ ಒಂದು ವಾಕ್ಯವನ್ನು ಕನ್ನಡಿಯ ಮುಂದೆ ಹೇಳಿ ನೋಡಿದೆ, ಬಾಯಿ ತಿರುಗಲಿಲ್ಲ. ಬರುವ ದಿನದ ಹಿಂದಿನ ಸಂಜೆ ಯಜಮಾನರು ಬುಕ್ಕಾಂಬುಧಿಯಲ್ಲಿ ಕುರಿಗಳಿಗೆ ಸೂಜಿ ಹಾಕಿ ಬರುತ್ತ, ಕೆರೆ ಏರಿಯಿಂದ ಒಂದು ಪುಟ್ಟ ಲೋಳೆಸರದ ಮರಿ ಕಿತ್ತು ತಂದರು.

"ಸಿಸ್ಟರ್ ಹತ್ತಿರ ಸುಳ್ಳು ಹೇಳಲೇ ನಾನು?"

"ನೀನ್ಯಾಕೆ ಹೇಳ್ತೀಯ? ಕಿಟಕೀಲಿಡು. ಅವರಾಗೇ ನೋಡ್ಕೊಳ್ಳಲಿ."

ತೊಳೆದಿಟ್ಟಿದ್ದ ಬಟ್ಟಲಿನಲ್ಲೇ ಅದನ್ನು ನೆಟ್ಟೆ. ಆದರೆ ಅದರಲ್ಲಿ ಬಿಳಿ ಗೆರೆಗಳಿರಲಿಲ್ಲ. ಅಜ್ಜಿಯ ಹತ್ತಿರ ಹೋಗಿ ಎಲೆಯಡಿಕೆಯ ಸುಣ್ಣ ಕೇಳಿದೆ.

"ಎಲೆ ಹಾಕೋದ್ ಕಲ್ತ್ರಾ ಅಮ್ಮಾವ್ರೇ? ಒಳ್ಳೇದು," ಅಂದು ಡಬ್ಬಿಯನ್ನೇ ಕೊಟ್ಟಳು.

ಕಡ್ಡಿಯನ್ನು ಸುಣ್ಣದಲ್ಲಿ ಅದ್ದಿ, ಅಳತೆಪಟ್ಟಿ ಇಟ್ಟುಕೊಂಡು, ಪ್ರತಿ ಎಲೆಗೂ ಗೆರೆ ಎಳೆದೆ. ತಪ್ಪು ಕೆಲಸವಾದರೂ ಅಚ್ಚುಕಟ್ಟಾಗಿ ಮಾಡಿದ್ದೆ ಎಂದು ಹೇಳಲೇಬೇಕು.

ಸಿಸ್ಟರ್ ಬಂದರು. ತುಂಬ ವಯಸ್ಸಾಗಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ತಲೆಬಾಗಿಲಲ್ಲಿ ನಿಂತು ಒಂದು ಗಳಿಗೆ ಮೇಲೆ ನೋಡಿದರು. ಅಜ್ಜಿಯ ಇದ್ದಿಲು ಮೆಣಸಿನಕಾಯಿ ಕಂಡು ಏನಂದುಕೊಂಡರೋ ಎಂದು ನನಗೆ ನಾಚಿಕೆಯಾಯಿತು. ಅವರು ಒಳಗೆ ಬಂದು ಕೂತು, ಕಾಫಿ ಕುಡಿದು, ಕಿಟಕಿಯ ಹತ್ತಿರ ಹೋದರು. ಸಿಸ್ಟರ್ ಕನ್ನಡ ಮಾತಾಡಿದರೆ ಪುಸ್ತಕ ಓದಿದ ಹಾಗಿರುತ್ತದೆ.

"ಗೆರೆಗಳು ಬಹಳ ನೇರವಾಗಿವೆ," ಅಂದರು. "ದೇವರು ಇಷ್ಟು ನೇರವಾಗಿ ಎಳೆಯುವುದಿಲ್ಲ."

ಕರವಸ್ತ್ರ ತೆಗೆದು ಒಂದು ಎಲೆಯನ್ನು ಒರೆಸಿದರು. ಗೆರೆ ಕರವಸ್ತ್ರಕ್ಕೆ ಬಂತು. ಯಜಮಾನರು ಯಾವುದೋ ಹಸುವಿನ ನೆನಪಾದವರಂತೆ ಎದ್ದು ಹಿತ್ತಲಿಗೆ ಹೋದರು.

"ಈ ಬಟ್ಟಲು ನಾನು ಕೊಟ್ಟದ್ದೇ," ಅಂದರು ಸಿಸ್ಟರ್. "ನಾನು ಕೊಟ್ಟ ಗಿಡ ನಿನ್ನ ಬಾಗಿಲ ಮೇಲೆ ತಲೆಕೆಳಗಾಗಿ ನೇತಾಡುತ್ತಿದೆ. ಹೂ ಬಿಟ್ಟಿದೆ."

ಓಡುವುದು ನನಗೆ ಅಭ್ಯಾಸವಿಲ್ಲ. ಆದರೂ ಅಂದು ಓಡಿದೆ. ಬಾಗಿಲಲ್ಲಿ ನಿಂತು ಆ ಮನೆಗೆ ಬಂದ ದಿನ ಬಿಟ್ಟರೆ ಮೊದಲ ಸಲ ಕತ್ತೆತ್ತಿ ನೋಡಿದೆ. ಲೋಳೆಸರದ ಪಕ್ಕದಲ್ಲಿ, ಕರಿ ದಾರದಲ್ಲಿ, ನನ್ನ ಹಾವೋರ್ಥಿಯಾ. ಎಲೆಗಳು ಗಟ್ಟಿಯಾಗಿದ್ದವು, ಬಿಳಿ ಗೆರೆಗಳು ಸೊಟ್ಟಸೊಟ್ಟಗೆ ಹೊಳೆಯುತ್ತಿದ್ದವು. ನಡುವಿನಿಂದ ಸಣ್ಣ ಕಡ್ಡಿಯೊಂದು ಹೊರಟು, ಕೆಳಗೆ ಬಂದು, ಮತ್ತೆ ಆಕಾಶದ ಕಡೆಗೆ ಬಾಗಿ, ತುದಿಯಲ್ಲಿ ನಾಲ್ಕು ಬಿಳಿ ಹೂ ಬಿಟ್ಟಿತ್ತು. ಎರಡು ತಿಂಗಳು ನಾನು ದಿನಕ್ಕೆ ಹತ್ತು ಸಲ ಅದರ ಕೆಳಗೇ ನಡೆದಾಡಿದ್ದೆ.

ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅಜ್ಜಿ ನಮ್ಮಿಬ್ಬರನ್ನೂ ನೋಡಿದಳು. "ತಿಪ್ಪೆ ಮ್ಯಾಲ್ ಬಿದ್ದಿತ್ತು. ಬೇರು ಕೊಳ್ತಿತ್ತು, ಮ್ಯಾಲೆ ಜೀವ ಇತ್ತು. ಕೊಳ್ತಿದ್ದು ಕುಯ್ದು ಕಟ್ದೆ, ದೃಷ್ಟಿಗಾಯ್ತದೆ ಅಂತ."

ಸಿಸ್ಟರ್ ನನ್ನ ಭುಜದ ಮೇಲೆ ಕೈಯಿಟ್ಟರು. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ. "ಹನ್ನೊಂದು ವರ್ಷ ನಿನ್ನನ್ನು ನೋಡಿದ್ದೆ. ಯಾವುದನ್ನೂ ಅದರ ಪಾಡಿಗೆ ಬಿಡುವ ಹುಡುಗಿಯಲ್ಲ ನೀನು. ಅದನ್ನು ಕಲಿಯಲಿ ಎಂದೇ ಈ ಗಿಡ ಕೊಟ್ಟೆ." ಆಮೇಲೆ ಅಜ್ಜಿಯ ಕಡೆ ತಿರುಗಿ, ಒಬ್ಬ ತೋಟಗಾರ ಇನ್ನೊಬ್ಬ ತೋಟಗಾರನನ್ನು ಕೇಳುವ ಗೌರವದಿಂದ ಕೇಳಿದರು, "ತಾವು ಇದಕ್ಕೆ ಏನು ಆರೈಕೆ ಮಾಡಿದಿರಿ?"

"ನಾನೇನ್ ಮಾಡ್ಲಿಲ್ಲ ಕಣವ್ವ," ಅಂದಳು ಅಜ್ಜಿ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ. "ಈ ಅಮ್ಮಾವ್ರ ಕೈಗೆ ಎಟುಕ್ದಂಗೆ ಕಟ್ದೆ, ಅಷ್ಟೇಯ."