ಗಿಟಾರಿಗೊಂದು ಪಿಕಪ್ಪು

ನಮ್ಮ ಕಡೆ ತಬಲಾ ಹೊತ್ತು ಹೊರಟವನನ್ನು ಯಾರೂ ಏನೂ ಕೇಳುವುದಿಲ್ಲ. ಗಿಟಾರ್ ಹೊತ್ತವನಿಗೆ ಮಾತ್ರ ಓಣಿ ದಾಟುವುದರೊಳಗೆ ಒಂದಲ್ಲ ಒಂದು ಫಜೀತಿ ಕಾದಿರುತ್ತದೆ. ಸಿಂಧನೂರಿನಲ್ಲಿದ್ದುಕೊಂಡು ಮದುವೆಗಳಿಗೆ ಗಿಟಾರ್ ನುಡಿಸುವ ನನಗಿಂತ ಇದು ಯಾರಿಗೆ ಗೊತ್ತು?

ನನ್ನದು ಆರ್ಚ್‌ಟಾಪ್ ಗಿಟಾರ್, ಪಿಟೀಲಿನ ಹಾಗೆ ಎದೆ ಉಬ್ಬಿಸಿಕೊಂಡಿರುವಂಥದ್ದು. ತಮ್ಮ ಬೆರಳು ಸೆಟೆದುಕೊಂಡ ಮೇಲೆ ಮಸ್ಕಿಯ ನಮ್ಮ ಮಾಸ್ತರು ನನಗೆ ಕೊಟ್ಟದ್ದು. ತೀರಿಹೋದ ತಮ್ಮ ಗುರುಗಳ ಹೆಸರು ಬಂದರೆ ಇವತ್ತಿಗೂ ಎದ್ದು ನಿಲ್ಲುವ ಮನುಷ್ಯ ಅವರು. "ಇದು ನಮ್ಮ ಗುರುಗಳು ಕೊಟ್ಟಿದ್ದಲೇ. ಇದಕ್ಕೊಂದು ತೂತು ಬಿತ್ತಂದ್ರ ನನ್ನ ಮಾರಿ ನೋಡಬ್ಯಾಡ" ಎಂದಿದ್ದರು. ಈಗ ಅವರ ಮೊಮ್ಮಗಳ ಮದುವೆಯಲ್ಲಿ ಅದನ್ನೇ ನುಡಿಸಬೇಕಿತ್ತು. ಆ ಗದ್ದಲದಲ್ಲಿ ಕೇಳಿಸಬೇಕಾದರೆ ಪಿಕಪ್ ಬೇಕು, ಅಂದರೆ ತಂತಿಯ ದನಿ ಹಿಡಿದು ಸ್ಪೀಕರಿಗೆ ಕಳಿಸುವ ಪುಟ್ಟ ಡಬ್ಬಿ. ಅದನ್ನು ತೂತು ಕೊರೆಯದೆ ಕೂಡಿಸಬೇಕು.

೧. ಪಿಕಪ್ ಬಂತು

ಮದುವೆಯ ಶಾಮಿಯಾನದವನಿಗೆ ಫೋನ್ ಮಾಡಿದೆ. "ಗಿಟಾರಿಗೆ ಒಂದು ಪಿಕಪ್ ಬೇಕಾಗೇತಿ, ಎಲ್ಲೆರ ಸಿಗ್ತೈತೇನು?"

"ಎಲ್ಲೆರ ಯಾಕ್ರಿ? ಮುಂಜಾನೆ ನಿಮ್ಮ ಮನೀಗೇ ಬರ್ತೈತಿ."

ಬಂತು. ಭತ್ತದ ಚೀಲ ಹೇರುವ ಪಿಕಪ್ ಗಾಡಿ, ಹಗ್ಗ ಹಿಡಿದ ಇಬ್ಬರು ಹಮಾಲರ ಸಮೇತ. ಡ್ರೈವರ್ ನನ್ನ ಗಿಟಾರನ್ನು ಮೇಲಿಂದ ಕೆಳಗೆ ನೋಡಿ, "ಇದೊಂದೇ ಏನ್ರಿ? ಉಳಿದದ್ದು ಒಳಗೈತೇನು?" ಎಂದ.

ನಾನು ಬಾಯಿ ಬಿಡುವುದರೊಳಗೆ ನನ್ನ ಹೆಂಡತಿ ಅವರಿಗೆ ಚಹಾ ಕೊಟ್ಟು, ಗೊರೇಬಾಳದ ತವರಿಗೆ ಕಳಿಸಬೇಕೆಂದಿದ್ದ ಹಳೇ ಅಲಮಾರವನ್ನು ಹೇರಿಸಿಬಿಟ್ಟಳು. "ಇಷ್ಟು ವರ್ಷದಾಗ ನಿಮ್ಮ ಗಿಟಾರಿನಿಂದ ಮನೀಗೆ ಒಂದು ಕೆಲಸ ಆತು ನೋಡ್ರಿ" ಎಂದಳು.

೨. ಅಳತೆ

ಕೊನೆಗೆ ದೂರದ ಅಂಗಡಿಯವನೊಬ್ಬ ಫೋನಿನಲ್ಲಿ ಸಿಕ್ಕ. ಪಿಕಪ್ ದಪ್ಪಗಿದ್ದರೆ ತಂತಿಗೆ ತಾಗುತ್ತದೆ, ತಂತಿಯ ಕೆಳಗೆ ಎಷ್ಟು ಜಾಗ ಇದೆ ಹೇಳಿ ಎಂದ. ಕೈಗೆ ಸ್ಕೇಲ್ ಸಿಗಲಿಲ್ಲ. ದೇವರ ಮುಂದಿನ ಕಡ್ಡಿಪೆಟ್ಟಿಗೆ ತಂದು ತೂರಿಸಿದೆ. "ಒಂದು ಕಡ್ಡಿಪೆಟ್ಟಿಗಿ ಮಲಗಿಸಿದ್ರ ಬರಾಬರ್ ಹಿಡಿತೈತ್ರಿ."

ಅವನು ಗಂಭೀರವಾಗಿ ಕೇಳಿದ, "ಸರ್, ಪೆಟ್ಟಿಗೆ ತುಂಬಿರೋದಾ, ಖಾಲೀದಾ?"

೩. ಮನೆ ಅಳಿಯ

ಅಂತೂ ತೆಳ್ಳನೆಯ ಪಿಕಪ್ ಬಂತು. ಲಿಂಗಸುಗೂರಿನಲ್ಲಿ ಮೈಕ್ ರಿಪೇರಿ ಮಾಡುವವನ ಹತ್ತಿರ ಒಯ್ದೆ. ಅವನು ಮೊದಲು ಕೈಗೆ ತೆಗೆದುಕೊಂಡದ್ದೇ ಡ್ರಿಲ್. ನಾನು ಗಿಟಾರಿನ ಮೇಲೆ ಬೋರಲು ಬಿದ್ದೆ.

"ತೂತು ಹಾಕಂಗಿಲ್ರಿ! ತಂತಿ ಬಾಜೂಕ ಕಟ್ಟಿಗೀಗೆ ಗೀರು ಬೀಳದಂಗ ಈ ಪ್ಲೇಟ್ ಐತಲ್ಲ, ಇದರ ಅಂಚಿಗೆ ಕೂಡಿಸ್ರಿ. ಕಟ್ಟಿಗೀಗೂ ಮುಟ್ಟಬಾರದು, ತಂತೀಗೂ ಮುಟ್ಟಬಾರದು. ನಡುವ ತೇಲಬೇಕು."

"ಯಾವುದಕ್ಕೂ ಕೈ ಹಚ್ಚಂಗಿಲ್ಲ, ಎಲ್ಲಾ ಕೇಳಿಸ್ಕೊಂಡು ಹೊರಗ ಹೇಳಬೇಕು. ತಿಳೀತು ಬಿಡ್ರಿ," ಎಂದ. "ನಮ್ಮ ಮನ್ಯಾಗೂ ಅಂಥಾ ಅಳಿಯ ಒಬ್ಬ ಅದಾನ."

ಪ್ಲೇಟ್ ಬಿಚ್ಚಿದಾಗ ಮಾತ್ರ ಇಬ್ಬರೂ ಬಗ್ಗಿ ನೋಡಿದೆವು. ಅದರಡಿ ಗಿಟಾರಿನ ಮೈಮೇಲೆ ಕಡಲೆಕಾಳಿನಷ್ಟು ಹಳೇ ತೂತು, ಮೇಣ ತುಂಬಿ ಮುಚ್ಚಿದ್ದು. ರಿಪೇರಿಯವನು ಡ್ರಿಲ್ಲನ್ನು ಕಾಲಿಂದ ದೂರ ತಳ್ಳಿ, "ನಾ ಅಲ್ರಿ" ಎಂದ. "ನಾನೂ ಅಲ್ಲ. ಆದ್ರ ಇದನ್ನ ಕೊಟ್ಟ ಮಾಸ್ತರು ನಂಬಬೇಕಲ್ಲ?" ಎಂದೆ.

"ವಯಸ್ಸಾದವರು, ಕಣ್ಣು ಕಾಣಂಗಿಲ್ಲ ಬಿಡ್ರಿ" ಎಂದು ಸಮಾಧಾನ ಹೇಳಿದ.

"ಅವರು ಬೆರಳಿಲೆ ನೋಡ್ತಾರೋ ಮಾರಾಯ."

೪. ಮಸ್ಕಿಯಲ್ಲಿ

ಮದುವೆಯಲ್ಲಿ ಗಿಟಾರ್ ಗಂಟೆಯ ಹಾಗೆ ನುಡಿಯಿತು. ಊಟದ ಸಾಲಿನಲ್ಲಿದ್ದವರೂ ತಿರುಗಿ ನೋಡಿದರು. ಖುಷಿಯಾಗಬೇಕಿತ್ತು, ನನ್ನ ಕಣ್ಣು ಮಾತ್ರ ಕೆಳಗೆ ಕೂತಿದ್ದ ಮಾಸ್ತರ ಮೇಲೆಯೇ ಇತ್ತು. ಹಾಡು ಮುಗಿದದ್ದೇ ಮಾಸ್ತರು ಮೆಲ್ಲಗೆ ಸ್ಟೇಜ್ ಹತ್ತಿ ಬಂದು ಗಿಟಾರಿನ ಮೈಯೆಲ್ಲ ಸವರಿದರು.

"ತೂತು ಹಾಕಿಲ್ಲಲ್ಲಲೇ?"

"ಒಂದೂ ಇಲ್ರಿ ಮಾಸ್ತರ."

ಅವರ ಬೆರಳು ಪ್ಲೇಟಿನ ಹತ್ತಿರ ಬಂದು ನಿಂತಿತು. "ಇದನ್ನ ಬಿಚ್ಚಿದ್ದೇನು?"

"ಬಿಚ್ಚಿದ್ನಿರಿ. ಆದ್ರ ಆ ತೂತು ನಂದಲ್ರಿ, ನಿಮ್ಮಾಣೆಗೂ..."

ಮಾಸ್ತರು ಗಬಕ್ಕನೆ ನನ್ನ ಬಾಯಿ ಮುಚ್ಚಿದರು. ಆಚೀಚೆ ನೋಡಿ, ನನ್ನ ಕಿವಿಯ ಹತ್ತಿರ ಬಂದರು.

"ಮೆತ್ತಗ ಮಾತಾಡೋ! ಸಣ್ಣವ ಇದ್ದಾಗ ಮೈಕ್ ಕೂಡಿಸಾಕ ಹೋಗಿ ನಾನೇ ಹಾಕೀನಿ. ನಮ್ಮ ಗುರುಗಳಿಗೆ ಇನ್ನಾ ಗೊತ್ತಿಲ್ಲ."