ಗುರಿಕಾರನಿಗೆ ಬೇಕಾದ ಗದ್ದಲ

ಆವತ್ತಿನ ಅವಾಂತರಕ್ಕೆಲ್ಲ ಕಾರಣ, ಸಭಾಂಗಣದಲ್ಲಿ ಒಬ್ಬರೂ ಕೆಮ್ಮದೆ ಕೂತದ್ದು.

ಅದು ವೃತ್ತಿಪರರ ಆಹ್ವಾನಿತ ಡಾರ್ಟ್ಸ್ ಪಂದ್ಯಾವಳಿ. ದುಂಡು ಬೋರ್ಡಿಗೆ ಪುಟ್ಟ ಬಾಣ ಎಸೆಯುವ ಈ ಆಟ ಗಲಾಟೆಯವರದ್ದು ಎಂಬ ಕೆಟ್ಟ ಹೆಸರನ್ನು ಅಳಿಸಿಯೇ ತೀರುತ್ತೇವೆಂದು ಸಂಘಟಕರು ಪಣ ತೊಟ್ಟಿದ್ದರು. ಫೋನು ಬಂದ್. ಚಪ್ಪಾಳೆ ಆಟ ಮುಗಿದ ಮೇಲೆ. ಕೆಮ್ಮು ಬಂದವರು ಹೊರಗೆ ಹೋಗಿ ಕೆಮ್ಮಿ ಬರತಕ್ಕದ್ದು. ಸಾಲದ್ದಕ್ಕೆ ಕುರ್ಚಿಗಳ ಕಾಲಿಗೂ ಬಟ್ಟೆ ಕಟ್ಟಿಸಿದ್ದರು.

ನಮ್ಮ ಗುರಿಕಾರನಿಗೆ ಇಲ್ಲಿಗೆ ಕರೆ ಬಂದದ್ದು ಬೇರೊಬ್ಬ ಆಟಗಾರನ ಹೆಬ್ಬೆರಳು ಉಳುಕಿದ ಪುಣ್ಯದಿಂದ. ಗುರಿಕಾರ ಎಂಬುದು ಅವನು ಕೆಲಸ ಮಾಡುವ ಕನ್ನಡಕದ ಅಂಗಡಿಯವರು ಗೇಲಿಗೆಂದು ಇಟ್ಟ ಹೆಸರು. ಹೊರಡುವಾಗ ಹೆಂಡತಿ ಕಡ್ಡಿ ಮುರಿದಂತೆ ಹೇಳಿದ್ದಳು: "ಗೆದ್ದು ಬಂದ್ರೆ ಸರಿ. ಸೋತು ಬಂದ್ರೋ, ಆ ಬೋರ್ಡು ನಾಳೆ ಬೆಳಿಗ್ಗೆ ಗುಜರಿಗೆ. ಅಡುಗೆಮನೆ ಬಾಗಿಲು ದಾಟೋಕೆ ಜೀವ ಕೈಲಿ ಹಿಡ್ಕೊಂಡು ಓಡಾಡಿ ಸಾಕಾಗಿದೆ ನನಗೆ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಮನೆಯಲ್ಲಿ ಬೋರ್ಡು ನೇತುಹಾಕಲು ಸಿಕ್ಕಿದ್ದು ಅಡುಗೆಮನೆಯ ಬಾಗಿಲೊಂದೇ. ಅತ್ತೆ ತಟ್ಟೆ ಹಿಡಿದು ಹೊರಬರುವುದಕ್ಕೂ ಭಾವಮೈದ ನೀರಿಗೆಂದು ಒಳನುಗ್ಗುವುದಕ್ಕೂ ನಡುವೆ ಬಾಗಿಲು ಮುಚ್ಚಿದ ಗಳಿಗೆಯಲ್ಲಿ, ಮೂವರ ಜಗಳ ಕಿವಿಗೆ ಅಪ್ಪಳಿಸುತ್ತಿರುವಾಗಲೇ ಬಾಣ ಬಿಡಬೇಕು. ವರ್ಷಗಟ್ಟಲೆ ಹಾಗೆಯೇ ಪಳಗಿದ ಕೈ ಅವನದ್ದು.

ಇಲ್ಲಿ ನೋಡಿದರೆ ಸ್ಮಶಾನಮೌನ! ಬಾಣ ಎತ್ತಿದ ಗುರಿಕಾರನಿಗೆ ತನ್ನ ಹೊಟ್ಟೆ ಗುರ್ರೆಂದದ್ದು ತನಗೇ ಕೇಳಿಸಿತು. ಮೊದಲ ಬಾಣ ಬೋರ್ಡಿನ ಅಂಚಿಗೆ ಬಡಿದು ಅಂಪೈರರ ಬೂಟಿನ ಪಕ್ಕ ಬಿತ್ತು. ಅವರು ಕಾಲನ್ನು ಸದ್ದಿಲ್ಲದೆ ಹಿಂದಕ್ಕೆಳೆದುಕೊಂಡರು. ಎದುರಾಳಿ ಸಾಮಾನ್ಯನಲ್ಲ, ಹಾಲಿ ಚಾಂಪಿಯನ್. ಐದು ಆಟಗಳ ಪಂದ್ಯದಲ್ಲಿ ಮೊದಲ ಎರಡನ್ನೂ ಅವನು ಆಕಳಿಸುತ್ತಲೇ ಗೆದ್ದುಕೊಂಡ. ಇನ್ನೊಂದು ಸೋತರೆ ಬೋರ್ಡು ಗುಜರಿಗೆ.

ವಿರಾಮ ಸಿಕ್ಕಿದ್ದೇ ಗುರಿಕಾರ ಹೊರಗೋಡಿ ಹೆಂಡತಿಗೆ ಫೋನು ಮಾಡಿದ. ಮನೆಯೇನೋ ಸಭಾಂಗಣದ ಹಿಂದಿನ ಬೀದಿಯಲ್ಲೇ ಇತ್ತು.

"ಲೇ, ಈಗಲೇ ಹೊರಟು ಬಾ. ಎಲ್ಲರನ್ನೂ ಕರ್ಕೊಂಡು ಬಾ. ಅತ್ತೇನೂ!"

"ಅಮ್ಮನ್ನಾ? ಏನ್ರೀ, ಹುಷಾರಾಗಿದ್ದೀರಾ ತಾನೇ?"

"ನಿನಗೆ ಕೈ ಮುಗೀತೀನಿ, ಬೇಗ ಬಾರೇ!"

ಗಲಾಟೆ ಮಾಡಿ ಎಂದು ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ. ಮೂವರೂ ಬಂದು ಮುಂದಿನ ಸಾಲಿನಲ್ಲಿ ಕೂರುವ ಮೊದಲೇ ಶುರುವಾಗಿತ್ತು.

"ಬೀಗ ಹಾಕಿದ್ಯೇನೋ?" ಎಂದರು ಅತ್ತೆ ಮಗನಿಗೆ.

"ಅಕ್ಕ ಹಾಕಿದ್ಲು."

"ನಾನಾ? ಕೊನೇಲಿ ಹೊರಗೆ ಬಂದೋನು ನೀನು!"

"ನಾನು ಚಪ್ಪಲಿ ಹುಡುಕ್ತಾ ಇದ್ದೆ ಕಣೇ!"

"ಅಯ್ಯಯ್ಯೋ, ಹಾಗಾದ್ರೆ ಮನೆ ತೆರೆದೇ ಬಿದ್ದಿದೆಯಾ?"

ಗುರಿಕಾರನಿಗೆ ಹೋದ ಜೀವ ಬಂದಂತಾಯಿತು. ಕೈ ತನ್ನ ಪಾಡಿಗೆ ತಾನೇ ಎದ್ದಿತು. ಬಾಣ ಬೋರ್ಡಿನಲ್ಲೇ ಅತಿ ಹೆಚ್ಚು ಅಂಕದ, ಅರವತ್ತರ ಪಟ್ಟಿಗೆ ನಾಟಿತು, ಅದಕ್ಕೆ ಅಂಟಿಕೊಂಡು ಇನ್ನೊಂದು, ಮತ್ತೊಂದು. ಚಾಂಪಿಯನ್ನನ ಬಾಣಗಳು ದಿಕ್ಕು ತಪ್ಪಿದವು. ಅಂಪೈರರು ತುಟಿಗೆ ಬೆರಳಿಟ್ಟು ಅತ್ತೆಯ ಬಳಿ ಬಗ್ಗಿದರು.

"ತಾಯೀ, ಸ್ವಲ್ಪ ಮೆತ್ತಗೆ..."

"ತೆರೆದಿರೋದು ನಮ್ಮನೆ ಬಾಗಿಲು, ನಿಮ್ಮನೇದಲ್ಲ. ನಿಮ್ಮ ಕೆಲಸ ನೋಡ್ಕೊಳ್ಳಿ!"

ಅಂಪೈರರು ತೆಪ್ಪಗೆ ತಮ್ಮ ಜಾಗಕ್ಕೆ ಮರಳಿದರು. ನೋಡನೋಡುತ್ತ ಎರಡು ಆಟ ಗುರಿಕಾರನ ಪಾಲಾದವು. ಉಳಿದದ್ದು ಕೊನೆಯದೊಂದೇ.

ಅಷ್ಟರಲ್ಲಿ ಅತ್ತೆಯ ಪಕ್ಕದ ಕುರ್ಚಿಯಲ್ಲಿದ್ದ ನಿವೃತ್ತ ಮೇಷ್ಟ್ರಿಗೆ ಬಾಯಿ ತುರಿಸಿತು. ದಿನಕ್ಕೊಬ್ಬರಿಗಾದರೂ ಏನಾದರೂ ತಿಳಿಹೇಳದಿದ್ದರೆ ಉಂಡದ್ದು ಅರಗದ ಮನುಷ್ಯ.

"ನೋಡೀಮ್ಮಾ, ಐನೂರ ಒಂದರಿಂದ ಕಳೀತಾ ಕಳೀತಾ ಸೊನ್ನೆಗೆ ಬರ್ಬೇಕು. ಕೊನೇ ಬಾಣ ಮಾತ್ರ ಹೊರಗಿನ ಸಣ್ಣ ಪಟ್ಟೀಲೇ ಬೀಳ್ಬೇಕು. ಅಲ್ಲಿ ಬಿದ್ರೆ ಎರಡರಷ್ಟು."

"ಓಹೋ, ಹಾಗಾ! ಮತ್ತೆ ನಮ್ಮ ಅಳಿಯಂದಿರದ್ದು ಎಷ್ಟು ಉಳಿದಿದೆ?"

ಗುರಿಕಾರನ ಎದೆ ಧಸಕ್ಕೆಂದಿತು. ಅತ್ತೆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾದದ್ದನ್ನು ಮದುವೆಯಾದಾಗಿನಿಂದ ಅವನು ಕಂಡಿರಲಿಲ್ಲ. ಮೇಷ್ಟ್ರು ವಿವರಿಸುತ್ತ ಹೋದರು, ಅತ್ತೆ ಮಗಳಿಗೆ ದಾಟಿಸುತ್ತ ಹೋದರು. ಅಂಕ ಇಳಿದಂತೆಲ್ಲ ದನಿಗಳೂ ಇಳಿದವು. ಹಾಳಾದ ಮೇಷ್ಟ್ರೇ, ನಿಮಗೇನು ಮಾಡಿದ್ದೆ ನಾನು ಎಂದು ಗುರಿಕಾರ ಒಳಗೊಳಗೇ ಗೋಳಾಡಿದ.

ನಲವತ್ತು ಉಳಿಯಿತು. ಕೈಯಲ್ಲಿ ಒಂದೇ ಬಾಣ. ಇಪ್ಪತ್ತರ ನೆತ್ತಿಯ ಆ ಸಣ್ಣ ಪಟ್ಟಿಗೆ ಬಿದ್ದರೆ ಚಾಂಪಿಯನ್ ಮಣ್ಣುಮುಕ್ಕಿದಂತೆಯೇ.

"ಅಕ್ಕಾ, ಬೀಗ..." ಎಂದ ಭಾವಮೈದ.

"ಶ್! ನಿನ್ನ ಭಾವ ಗುರಿ ಇಡ್ತಿದ್ದಾರೆ," ಎಂದು ಅವಳು ತಮ್ಮನ ಬಾಯಿ ಮುಚ್ಚಿದಳು. ಅತ್ತೆ ಕೈಗಳನ್ನು ಎದೆಗವಚಿಕೊಂಡು ಉಸಿರು ಬಿಗಿಹಿಡಿದರು.

ಗುರಿಕಾರ ತಿರುಗಿ ನಿಂತು ಅಂಗಲಾಚಿದ. "ಬೀಗ ಹಾಕಿದ್ಯೇನೇ? ಕೊನೇಲಿ ಹೊರಗೆ ಬಂದದ್ದು ಯಾರು?"

"ಅದೆಲ್ಲ ಆಮೇಲೆ ರೀ. ನೀವು ಹೊಡೀರಿ," ಎಂದಳು ಹೆಂಡತಿ. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಅವನು ಕೇಳಿದ್ದು ಅದೇ ಮೊದಲು.

ಹೊಟ್ಟೆ ಗುರ್ರೆಂದಿತು. ಬಾಣ ಪಟ್ಟಿಯ ಅಂಚಿನ ತಂತಿಯಿಂದ ಕೂದಲೆಳೆಯಷ್ಟು ಹೊರಗೆ ನಾಟಿತು. ಚಾಂಪಿಯನ್ ಆ ಸುಖವಾದ ಮೌನದಲ್ಲಿ ನಿಧಾನವಾಗಿ ಬಂದು, ಒಂದೇ ಏಟಿಗೆ ಪಂದ್ಯ ಮುಗಿಸಿ ಹೋದ.

ಮನೆಯಲ್ಲಿ ಕಳುವೇನೂ ಆಗಿರಲಿಲ್ಲ. ಗುರಿಕಾರ ಯಾರಿಗೂ ಮುಖ ಕೊಡದೆ, ತಾನಾಗಿಯೇ ಬೋರ್ಡು ಕಳಚಲು ಕೈ ಹಾಕಿದ.

"ಬಿಡಿ ಅದನ್ನ!" ಎಂದು ಹೆಂಡತಿ ಕೈ ಹಿಡಿದಳು. ಅವಳ ಕಣ್ಣು ತುಂಬಿತ್ತು. "ಇಷ್ಟು ಕಷ್ಟದ ಆಟ ಅಂತ ನನಗೇನು ಗೊತ್ತಿತ್ತು? ಗುಜರಿಗೆ ಹಾಕ್ತೀನಿ ಅಂದ ನನ್ನ ಬಾಯಿಗಿಷ್ಟು!"

"ಎಲ್ಲಾ ನಮ್ಮದೇ ತಪ್ಪು ಅಳಿಯಂದಿರೇ," ಎಂದರು ಅತ್ತೆ. "ಕೊನೇಲಿ ಸುಮ್ಮನಿದ್ವಿ, ಗೆಲುವು ಅಷ್ಟು ಹತ್ತಿರ ಬಂತು. ಮೊದಲಿಂದಾನೇ ಸುಮ್ಮನಿದ್ದಿದ್ರೆ ಗೆದ್ದೇಬಿಡ್ತಿದ್ರಿ. ನನ್ನ ಕೋಣೆ ನಿಮಗೇ ಬಿಟ್ಟುಕೊಡ್ತೀನಿ. ಇನ್ನು ಮೇಲೆ ನೀವು ಬಾಣ ಹಿಡಿದ್ರೆ ಈ ಮನೇಲಿ ಒಬ್ರೂ ಉಸಿರೆತ್ತಲ್ಲ. ನನ್ನಾಣೆ!"

ಭಾವಮೈದ ಆಗಲೇ ಬೋರ್ಡು ಹೊತ್ತು ಒಳಕೋಣೆಗೆ ನಡೆದಿದ್ದ. ಗುರಿಕಾರ ಗಾಬರಿಯಿಂದ ಏನೋ ಹೇಳಲು ಬಾಯಿ ತೆರೆದ. ಅವನಿಗೆ ಅಡ್ಡಿಯಾಗಬಾರದೆಂದು ಮೂವರೂ ಒಟ್ಟಿಗೇ ಮಾತು ನಿಲ್ಲಿಸಿದರು.