ಮೆಕ್ಸಿಕೊ ಕುಣಿತಕ್ಕೆ ತಾಳ್ಯದ ರುಮಾಲು

ಶಿಸ್ತಿನ ಮನುಷ್ಯನಿಗೆ ಕಳ್ಳರಿಗಿಂತ ಹೆಚ್ಚು ತೊಂದರೆ ಕೊಡುವವರು ಹೊಸ ಹವ್ಯಾಸ ಹಿಡಿದ ಮನೆಯವರು. ಸ್ಟೇಷನ್ ಮಾಸ್ತರನಾಗಿ ನಿವೃತ್ತನಾದ ನಾನು ಇವತ್ತಿಗೂ ಊಟ, ನಿದ್ದೆ, ವಾಕಿಂಗ್ ಎಲ್ಲವನ್ನೂ ವೇಳಾಪಟ್ಟಿಯಂತೆ ನಡೆಸುತ್ತೇನೆ. ನನ್ನ ಹೆಂಡತಿ ಗಂಗಮ್ಮನದು ಹಿರಿಯೂರು ಕಡೆ. ಅಲ್ಲಿನವರಿಗೆ ಎಲ್ಲವೂ ತೋಚಿದಾಗ ಆಗುತ್ತದೆ. ಹೊಳಲ್ಕೆರೆಯ ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ಈ ಸಲ ಮೆಕ್ಸಿಕೊ ದೇಶದ ಜಾನಪದ ಕುಣಿತವೆಂದು ಮಹಿಳಾ ಸಂಘದವರು ತೀರ್ಮಾನಿಸಿದ್ದರು, ಕುಣಿಯುವವಳು ಗಂಗಮ್ಮನೇ. ಕನ್ನಡದ ಹಬ್ಬಕ್ಕೆ ಆ ದೇಶದ ಹಾಡೇಕೆ ಎಂದು ಅವಳನ್ನು ಕೇಳಿದೆ. ಹಾಡಿನ ತುಂಬ ಇರುವುದು ನಮ್ಮ ಸೀಮೆಯಂಥ ಸೀಮೆ ಇಲ್ಲ, ನಮ್ಮ ಹೆಣ್ಣುಮಕ್ಕಳಂಥವರಿಲ್ಲ ಎಂಬ ಹೊಗಳಿಕೆಯೇ ಅಂತೆ. ಹಾಗಾದರೆ ಹಿರಿಯೂರಿನವರಿಗೆ ತರಬೇತಿ ಬೇಕಿಲ್ಲ ಎಂದೆ. ಅವತ್ತು ಸಾರಿಗೆ ಉಪ್ಪಿರಲಿಲ್ಲ.

ಕುಣಿತದ ಕೊನೆಯಲ್ಲಿ ಗಂಡಸು ತನ್ನ ಅಗಲ ಅಂಚಿನ ಟೋಪಿಯನ್ನು ನೆಲಕ್ಕೆ ಎಸೆಯಬೇಕು, ಹೆಂಗಸು ಅದರ ಸುತ್ತ ಹಿಮ್ಮಡಿ ಕುಟ್ಟುತ್ತ ಕುಣಿಯಬೇಕು. ಹೇಳಿದ ಹೊತ್ತಿಗೆ ಬರುವ ಗಂಡ ಬಡಾವಣೆಯಲ್ಲಿ ನಾನೊಬ್ಬನೇ ಎಂದು ಆ ಪಾತ್ರ ನನಗೇ ಬಿತ್ತು. ಅಷ್ಟಗಲದ ಟೋಪಿ ನಮ್ಮೂರಲ್ಲಿ ಸಿಗಲಿಲ್ಲ. ಗಂಗಮ್ಮ ಟ್ರಂಕಿನಿಂದ ನನ್ನ ಅಪ್ಪನ ರುಮಾಲು ತೆಗೆದಳು. ತಾಳ್ಯದಲ್ಲಿ ಕುರಿ ಸಾಕಿಕೊಂಡಿದ್ದ ಅಪ್ಪ ಅದನ್ನು ಯಾರ ಮುಂದೆಯೂ ಕೆಳಗಿಟ್ಟವನಲ್ಲ. ನಾನು ಒಪ್ಪಲಿಲ್ಲ, ಬೇಕಾದರೆ ನನ್ನ ಮಂಕಿ ಕ್ಯಾಪ್ ಎಸೆಯುತ್ತೇನೆ ಎಂದೆ.

“ಅದರ ಸುತ್ತ ಕುಣಿಯಾಕೆ ನನಗೇನು ಹುಚ್ಚು ಹಿಡಿದೈತಾ? ಅವ್ರಿಗೂ ಟೋಪಿ ಅಂದ್ರೆ ಮಾನ ಕಣ್ರಿ. ಅದಕ್ಕೇ ನೆಲಕ್ಕೆ ಹಾಕ್ತಾರೆ. ಬೆಲೆ ಇಲ್ಲದ್ದನ್ನ ಹಾಕಿದ್ರೆ ಸುತ್ತ ಕುಣಿಯೋದ್ರಾಗೆ ಏನೈತೆ?” ಎಂದಳು. ಎರಡು ತಿಂಗಳಿಂದ ಮಂಡಿನೋವಿಗೆ ಎಣ್ಣೆ ತಿಕ್ಕಿಕೊಂಡು ಕಲಿತಿದ್ದಳು. ನಾನು ಇನ್ನೂ ಬೇಡವೆಂದಿದ್ದರೆ ಆ ಕುಣಿತವೇ ನಿಲ್ಲುತ್ತಿತ್ತು, ಒಪ್ಪಿಕೊಂಡೆ.

ವೇದಿಕೆಯಲ್ಲಿ ಆ ಗಳಿಗೆ ಬಂದಾಗ ಎಸೆಯಲು ನನಗೆ ಕೈ ಬರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಹಾಸಿ, ತಲೆಯ ಮೇಲಿನ ರುಮಾಲನ್ನು ಎರಡೂ ಕೈಯಿಂದ ತೆಗೆದು, ಮಗುವನ್ನು ಮಲಗಿಸಿದಂತೆ ಅದರ ಮೇಲಿಟ್ಟೆ. ಹಾಡು ನನಗಾಗಿ ಕಾಯಲಿಲ್ಲ. ಜನ ಬಿದ್ದು ಬಿದ್ದು ನಕ್ಕರು. ಗಂಗಮ್ಮ ನಗಲಿಲ್ಲ. ಲಂಗದ ಅಂಚು ಹಿಡಿದು, ವಲ್ಲಿಗೂ ಕಾಲು ತಗುಲದ ಹಾಗೆ ಸುತ್ತಿದಳು. ಕೊನೆಗೆ ರುಮಾಲನ್ನೆತ್ತಿ, ಕಣ್ಣಿಗೊತ್ತಿಕೊಂಡು, ತನ್ನ ತಲೆಗೇ ಇಟ್ಟುಕೊಂಡಳು. ಅದೂ ಆ ಕುಣಿತದ ಪದ್ಧತಿಯೇ ಅಂತೆ. ನನಗೆ ಯಾರೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದೆ. ಹಿಂದಿನ ದಿನ ಕುಣಿತ ನೋಡಲು ಬಂದಿದ್ದ ಹಾಲು ಹಾಕುವ ತಿಪ್ಪೇಶ ನನ್ನ ಬೋಳು ತಲೆ ನೋಡಿ, ನನ್ನನ್ನು ದಾಟಿ ಒಳಗೆ ಇಣುಕಿ, “ಯಜಮಾನ್ರು ಎದ್ದಿಲ್ವೇನ್ರಿ?” ಎಂದ.

ನಾನು ಪಾತ್ರೆ ಒಡ್ಡುತ್ತ, ಇನ್ನೂ ಮಲಗಿದ್ದಾರೆ, ಮೆಲ್ಲಗೆ ಮಾತಾಡು ಎಂದೆ.